ಪೂಜೆಯಾದ ಉಯ್ಯಾಲೆ

ರಾಜೀವಿಯ ಬಗ್ಗೆ ಬರೆದುಕೊಡಿ ಎಂದು ಟ್ರಸ್ಟಿನವರು ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಅವಳು ಬಾಯಿ ತೆರೆದರೆ ಆಕಳಿಸುತ್ತಿದ್ದವರಿಗೆ ಈಗ ವಾರ್ಷಿಕ ಸ್ಮರಣ ಸಂಚಿಕೆಯಲ್ಲಿ ಅವಳ ಜೀವನ ಚಿತ್ರ ಬೇಕಂತೆ. ಎರಡು ಪುಟ ಸಾಕಂತೆ, ಓದಿದವರಿಗೆ ಸ್ಫೂರ್ತಿ ಬರಬೇಕಂತೆ. ಅದೆಲ್ಲ ನನ್ನ ಕೈಯಲ್ಲಿ ಆಗುವುದಿಲ್ಲಪ್ಪ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬೇಕಾದರೆ ಹಾಕಿಕೊಳ್ಳಲಿ, ಬೇಡವಾದರೆ ಬಿಡಲಿ.

ನಾನು ಸುಮಿತ್ರಾ. ಹುಟ್ಟೂರು ಮೈಸೂರು. ಗಂಡನ ನೌಕರಿಯ ಹಿಂದೆ ಚೆಂಬೂರಿಗೆ ಬಂದೆ, ಇಲ್ಲೇ ಬ್ಯಾಂಕಿನಲ್ಲಿ ದುಡಿದೆ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದೆಂದು ಅಂಗಣ ಟ್ರಸ್ಟಿನ ಕಾರ್ಯದರ್ಶಿಯಾದೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ರಾಜೀವಿಯೇ. ನಮ್ಮದೇ ಬಿಲ್ಡಿಂಗು, ನನ್ನ ಮನೆಯ ಕೆಳಗಿನ ಮನೆ. ನನಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವಳು. ಮದುವೆಯಾಗಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಪುರುಸೊತ್ತು ಆಗ್ಲಿಲ್ಲ ಸುಮಿತ್ರಕ್ಕ" ಎಂದು ನಕ್ಕಳು. ನಾನು ಮತ್ತೆ ಕೆದಕಲಿಲ್ಲ.

ಅಂಗಣ ಟ್ರಸ್ಟ್ ಎಂದರೆ ದೊಡ್ಡದೇನಲ್ಲ. ಚೆಂಬೂರು, ವಿಲೆ ಪಾರ್ಲೆ, ಬಾಂದ್ರಾಗಳಲ್ಲಿ ಕಟ್ಟಡಗಳ ಮಧ್ಯೆ ಹೇಗೋ ಉಳಿದುಕೊಂಡ ತುಂಡು ಜಾಗಗಳನ್ನು ವಹಿಸಿಕೊಂಡು, ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆ, ಸೀಸಾ ಹಾಕಿಸಿ, ಮುದುಕರಿಗೆ ನಡೆಯಲು ದಾರಿ ಮಾಡಿಸಿ ನೋಡಿಕೊಳ್ಳುವ ಸಂಸ್ಥೆ. ಕಟ್ಟಿದವರು ಉಡುಪಿ ಕಡೆಯ ಹೋಟೆಲಿನವರು. ಈಗಿನ ಅಧ್ಯಕ್ಷ ಸುಕೇಶ ಅವರಲ್ಲೊಬ್ಬರ ಮಗ. ಇಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡದಲ್ಲಿ ಅರ್ಧ ಹಿಂದಿ. ನಮ್ಮಲ್ಲಿ ಎಲ್ಲರ ಮಾತೂ ಹಾಗೆಯೇ, ತುಳು, ಮರಾಠಿ, ಹಿಂದಿ ಎಲ್ಲ ಕಲಸಿಕೊಂಡಿರುತ್ತದೆ. ಓದುವವರಿಗೆ ಅನುಕೂಲವಾಗಲೆಂದು ಬಹುಪಾಲನ್ನು ಕನ್ನಡಕ್ಕೆ ಇಳಿಸಿದ್ದೇನೆ.

ರಾಜೀವಿಯ ತಂದೆ ದೂಜಣ್ಣ ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಆಯುಷ್ಯ ಕಳೆದವರು. ಮಗಳು ರಾತ್ರಿ ಶಾಲೆಯಲ್ಲಿ ಓದಿ, ಹಗಲು ಟ್ರಸ್ಟಿನ ಮೈದಾನದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ ಸೇರಿದಳು. ಆಗ ಅಲ್ಲಿದ್ದವರು ಯಾರು ಗೊತ್ತೇ? ಹೋಟೆಲಿನಲ್ಲಿ ಯಾವ ಕೆಲಸಕ್ಕೂ ಬಾರದವರು. ಕಣ್ಣು ಮಂಜಾದ ವಾಚ್‌ಮನ್, ಕುಡಿದು ಬೀಳುವ ಸಪ್ಲೈಯರ್, ಯಾರದೋ ಭಾವಮೈದ. ಎಲ್ಲಿಗೂ ಸಲ್ಲದವನನ್ನು ಮೈದಾನಕ್ಕೆ ಹಾಕುವುದು ಅಂದಿನ ಪದ್ಧತಿ. ಅವರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬೀಡಿ ಸೇದುವುದು, ಒಳಗೆ ಮಕ್ಕಳು ತುಕ್ಕು ಹಿಡಿದ ತಗಡಿನ ಮೇಲೆ ಜಾರುವುದು. ಮಗು ಬಿದ್ದು ಹಲ್ಲು ಮುರಿದರೆ ಎಲ್ಲರದೂ ಒಂದೇ ಮಾತು: ಗ್ರಹಚಾರ.

ಆ ಮಾತು ಕೇಳಿದರೆ ರಾಜೀವಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಹೋಟೆಲಿನಲ್ಲಿ ಹೊಸಬನೊಬ್ಬ ಕಾವಲಿಯ ಹತ್ತಿರ ಹೋಗಬೇಕಾದರೆ ವರ್ಷಗಟ್ಟಲೆ ಮೇಜು ಒರೆಸಿ, ತಟ್ಟೆ ತೊಳೆದು, ಹಿಟ್ಟು ರುಬ್ಬಿರಬೇಕು. ಒಂದು ದೋಸೆ ಹೊಯ್ಯುವುದಕ್ಕೆ ಅಷ್ಟು ನೇಮ, ಮಕ್ಕಳ ಮೈದಾನಕ್ಕೆ ಮಾತ್ರ ಯಾವನಾದರೂ ಆದೀತೆ ಎನ್ನುವುದು ಅವಳ ಪ್ರಶ್ನೆ. ಆ ಪ್ರಶ್ನೆಯಲ್ಲೇ ಅವಳ ಬದುಕು ಸವೆಯಿತು ಎಂದರೂ ತಪ್ಪಿಲ್ಲ. ಹೋಟೆಲಿನ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಒಂದು ಕಲಿಕೆ ಮಾಡಿದಳು. ಮೊದಲು ಗುಡಿಸುವುದು, ಆಮೇಲೆ ಕಾಯುವುದು, ಆಮೇಲೆ ಆಡಿಸುವುದು, ಕೊನೆಗೆ ಮೈದಾನದ ಹೊಣೆ. ಪ್ರತಿ ಮೆಟ್ಟಿಲಿಗೂ ಪರೀಕ್ಷೆ, ಪಾಸಾದವರಿಗೆ ಟ್ರಸ್ಟಿನ ಸರ್ಟಿಫಿಕೇಟು. ಅದಿಲ್ಲದವನ ಕೈಗೆ ಗೇಟಿನ ಬೀಗದ ಕೈ ಕೊಡಕೂಡದು. ಇಷ್ಟನ್ನು ಒಪ್ಪಿಸುವಷ್ಟರಲ್ಲಿ ಅವಳ ತಲೆಕೂದಲು ಬೆಳ್ಳಗಾಗಿತ್ತು.

ಬೆಳಿಗ್ಗೆ ಗೇಟು ತೆರೆಯುವ ಮೊದಲು ಮಾಡಬೇಕಾದ ತಪಾಸಣೆಗೆ ಅವಳಿಟ್ಟ ಹೆಸರು ಕೈ, ಕಾಲು, ಮೈ. ಕೈ ಎಂದರೆ ಸರಪಳಿ, ಕೊಂಡಿ, ಬೋಲ್ಟು ಎಲ್ಲವನ್ನೂ ಮುಟ್ಟಿ ಸವರಿ ನೋಡುವುದು. ಕಾಲು ಎಂದರೆ ಪ್ರತಿಯೊಂದು ಕಂಬದ ಬುಡಕ್ಕೂ ಒದೆಯುವುದು. ಮುಂಬೈ ಮಳೆಗೆ ಕಬ್ಬಿಣ ಕೊಳೆಯುವುದು ಮಣ್ಣಿನ ಮಟ್ಟದಲ್ಲಿ, ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ಒದ್ದರೆ ಮಾತ್ರ ಒಳಗಿನ ಟೊಳ್ಳು ತಿಳಿಯುತ್ತದೆ. ಮೈ ಎಂದರೆ ಮೇಲ್ವಿಚಾರಕ ತಾನೇ ಉಯ್ಯಾಲೆಯಲ್ಲಿ ಕೂತು ತೂಗಿ, ಜಾರುಬಂಡೆಯಲ್ಲಿ ಜಾರಿ ನೋಡುವುದು. ದೊಡ್ಡ ಹೊಟ್ಟೆಯ ಗಂಡಸರು ಬೆಳ್ಳಂಬೆಳಿಗ್ಗೆ ಜಾರುಬಂಡೆಯಿಂದ ಇಳಿಯುವುದನ್ನು ನೋಡಿ ಸುತ್ತಲಿನ ಬಾಲ್ಕನಿಗಳಲ್ಲಿ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳೇ ಜಾರುವುದನ್ನು ನೋಡಿದರೆ ಯಾರಿಗೆ ನಗು ಬರುವುದಿಲ್ಲ ಹೇಳಿ?

ಇನ್ನೊಂದು ನಿಯಮವಿದೆ. ಅದನ್ನು ಇಲ್ಲಿ ಸರಿಯಾಗಿ ಹೇಳಲೇಬೇಕು, ಏಕೆಂದರೆ ಅವಳನ್ನು ಹಿಡಿದದ್ದು ಅದೇ. ಹಿಂದೊಮ್ಮೆ ಪಾರ್ಲೆಯಲ್ಲಿ ಒಂದು ಮಗುವಿನ ಬೆರಳು ಸೀಸಾಕ್ಕೆ ಸಿಕ್ಕಿ ಜಜ್ಜಿತು. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದ, ಕೆಲಸ ಹೋದದ್ದು ಮಾತ್ರ ಗಿಡಕ್ಕೆ ನೀರು ಹಾಕುವ ಮಾಳಿಯದು. ರಾಜೀವಿ ಆ ಸಿಟ್ಟಿನಲ್ಲೇ ಬರೆದು ಹಾಕಿದಳು: ತಪಾಸಣೆ ತಪ್ಪಿ ಮಗುವಿಗೆ ಪೆಟ್ಟಾದರೆ, ಆ ಬೆಳಿಗ್ಗೆ ಮೈದಾನದಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯ ಹುದ್ದೆಯವರು ಯಾರೋ ಅವರ ಸರ್ಟಿಫಿಕೇಟು ಹೋಗಬೇಕು. ಮತ್ತೆ ಬೇಕಾದರೆ ಹೊಸಬರ ಜೊತೆ ಕೂತು ಮೊದಲ ಪಾಠದಿಂದ ಕಲಿಯಬೇಕು. ಯಾರಿಗೂ ವಿನಾಯಿತಿ ಇಲ್ಲ. ಆ ಕೊನೆಯ ವಾಕ್ಯ ಸೇರಿಸಲು ಅವಳು ಕಮಿಟಿಯ ಮುಂದೆ ಎಷ್ಟು ಜಗಳವಾಡಿದಳೋ, ನಾನು ಕಾಣೆ.

ಅವಳು ತಯಾರು ಮಾಡಿದವರಲ್ಲಿ ಮೊದಲಿಗ ದೇವಾನಂದ. ಕುಂದಾಪುರದ ಕಡೆಯವನು, ಹೋಟೆಲಿನಲ್ಲಿ ಲೋಟ ತೊಳೆಯಲು ಬಂದು, ಅಲ್ಲಿಂದ ಓಡಿ ಇವಳ ಕೈಗೆ ಸಿಕ್ಕವನು. ಈಗ ಐವತ್ತು ದಾಟಿದ ಗಂಡಸು, ಚೆಂಬೂರಿನ ಮೈದಾನದ ಹೊಣೆ ಅವನದು, ಹೊಸಬರಿಗೆ ಪಾಠ ಮಾಡುವುದೂ ಅವನೇ. ರಾಜೀವಿಯಕ್ಕ ಕೂರು ಎಂದರೆ ಕೂರುತ್ತಾನೆ, ನಿಲ್ಲು ಎಂದರೆ ನಿಲ್ಲುತ್ತಾನೆ. ಅದು ಒಳ್ಳೆಯದೋ ಕೆಟ್ಟದ್ದೋ ಆಮೇಲೆ ನೋಡಿದೆವಲ್ಲ.

ಇಷ್ಟೆಲ್ಲ ಮಾಡಿದವಳಿಗೆ ಸಿಕ್ಕಿದ್ದೇನು ಎಂದು ಕೇಳಿದರೆ ಹೇಳುವುದಕ್ಕೇ ಬೇಸರ. ಹೊಸ ಕಮಿಟಿ ಬಂದಾಗಲೆಲ್ಲ ಅದೇ ವಾದವನ್ನು ಮೊದಲಿನಿಂದ ಮಾಡಬೇಕು. ಮಕ್ಕಳನ್ನು ಆಡಿಸುವುದಕ್ಕೂ ಟ್ರೇನಿಂಗಾ ಎಂದು ಪ್ರತಿ ಸಲವೂ ಯಾರಾದರೊಬ್ಬ ಮೂಗು ಮುರಿಯುತ್ತಿದ್ದ. ಅವಳು ಚೆಂಬೂರಿನಿಂದ ಪಾರ್ಲೆಗೆ, ಪಾರ್ಲೆಯಿಂದ ಬಾಂದ್ರಾಕ್ಕೆ ಬಸ್ಸು, ಲೋಕಲ್ಲು ಹತ್ತಿಳಿದು ಮಂಡಿ ಸವೆಸಿಕೊಂಡಳು. ಸಂಜೆ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತ, ಸಾಕಾಗಿ ಹೋಯ್ತು ಅನ್ನುತ್ತಿದ್ದಳು. ಬಿಟ್ಟುಬಿಡು ಅಂದರೆ ಜಪ್ಪಯ್ಯ ಅಂದರೂ ಬಿಡುವವಳಲ್ಲ.

ಕಳೆದ ವರ್ಷ ಮಾತ್ರ ಬಾಗಿಲು ತೆರೆದ ಹಾಗಾಯಿತು. ದೊಡ್ಡ ಸಂಸ್ಥೆಯೊಂದರ ಜನ ಬಂದು ನಮ್ಮ ಮೈದಾನಗಳನ್ನು ನೋಡಿದರು. ಅವರ ಹೆಸರು ಬೇಡ. ರಾಜೀವಿಯ ಕಲಿಕೆಯನ್ನು ಬೇರೆ ಬೇರೆ ಊರುಗಳಿಗೆ ಒಯ್ಯುತ್ತೇವೆ, ಅದರ ಮುಖ್ಯಸ್ಥೆ ಅವಳೇ ಆಗಬೇಕು ಎಂದರು. ಅವಳು ನಂಬಲಿಲ್ಲ. ಮನೆಗೆ ಬಂದು ನನ್ನ ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, "ಹೌದಾ ಸುಮಿತ್ರಕ್ಕ? ನಿಜವಾ?" ಎಂದು ಕೇಳಿದ್ದೇ ಕೇಳಿದ್ದು. ದೀಪಾವಳಿ ಕಳೆದ ಮೇಲೆ ಅವರು ಬಂದು ಸಹಿ ಹಾಕುವುದೆಂದು ನಿಶ್ಚಯವಾಯಿತು.

ಅದಕ್ಕೆ ಮೊದಲು ಆಯುಧ ಪೂಜೆ ಬಂತು.

ಆ ದಿನ ಈ ಊರಿನಲ್ಲಿ ಲೋಕಲ್ಲಿನ ಡಬ್ಬಿಗೂ ಹಾರ, ರಿಕ್ಷಾಕ್ಕೂ ಹಾರ. ನಮ್ಮ ಮೈದಾನಗಳಲ್ಲೂ ಉಯ್ಯಾಲೆ, ಜಾರುಬಂಡೆಗಳಿಗೆ ಗೊಂಡೆ ಹೂವಿನ ಮಾಲೆ, ಅರಿಸಿನ ಕುಂಕುಮ. ಕಂಬಗಳಿಗೆ ಬಾಳೆ ಕಂದು ಕಟ್ಟುತ್ತಾರೆ. ಹೋಟೆಲಿನವರು ಕಟ್ಟಿದ ಟ್ರಸ್ಟಲ್ಲವೇ, ದೋಸೆ ಕಾವಲಿಗೆ ಮಾಡಿದ ಹಾಗೆಯೇ ಉಯ್ಯಾಲೆಗೂ ಆರತಿ. ಪೂಜೆಗೆ ಮೊದಲೇ ಕೈ, ಕಾಲು, ಮೈ ಮುಗಿದಿರಬೇಕೆಂದು ರಾಜೀವಿಯೇ ನಿಯಮ ಮಾಡಿದ್ದಳು, ಏಕೆಂದರೆ ಪೂಜೆಯಾದ ವಸ್ತುವಿಗೆ ನಮ್ಮ ಜನ ಕಾಲು ತಾಗಿಸುವುದಿಲ್ಲ.

ಆದರೆ ಆ ದಿನ ಭಟ್ಟರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಆಯುಧ ಪೂಜೆಯ ದಿನ ಚೆಂಬೂರಿನಲ್ಲಿ ಭಟ್ಟರು ಸಿಗುವುದೇ ಕಷ್ಟ, ಅವರಿಗೆ ಇನ್ನೂ ಎಷ್ಟೋ ಅಂಗಡಿಗಳಿದ್ದವು. ದೇವಾನಂದ ತಪಾಸಣೆ ಶುರು ಮಾಡಿರಲಿಲ್ಲ, ಬಾಳೆ ಕಂದು ಕಟ್ಟುತ್ತಿದ್ದ. ರಾಜೀವಿ ಬಂದಿದ್ದಳು, ನಾನು ಕಡ್ಲೆಪುರಿ ಪೊಟ್ಟಣ ಕಟ್ಟುತ್ತ ಕೂತಿದ್ದೆ. ಆಯುಧ ಪೂಜೆಗೆ ಕಡ್ಲೆಪುರಿ ಇಲ್ಲದಿದ್ದರೆ ನಮ್ಮ ಮೈಸೂರಿನವರಿಗೆ ಸಮಾಧಾನವಿಲ್ಲ, ಅವಳು ಅದಕ್ಕಾಗಿ ನನ್ನನ್ನು ಪ್ರತಿ ವರ್ಷ ಆಡಿಕೊಳ್ಳುತ್ತಿದ್ದಳು. ಭಟ್ಟರನ್ನು ಕಳಿಸಿಬಿಡೋಣ, ಆಮೇಲೆ ನೋಡಿದರಾಯಿತು ಎಂದು ಅವಳೇ ಹೇಳಿದಳು. ಪೂಜೆಯಾಯಿತು. ಗಂಟೆ, ಆರತಿ, ಕುಂಬಳಕಾಯಿ, ಎಲ್ಲ ಚೆನ್ನಾಗಿಯೇ ಆಯಿತು.

ಆಮೇಲೆ ದೇವಾನಂದ ಚಪ್ಪಲಿ ಕಳಚಿಟ್ಟು ಉಯ್ಯಾಲೆಯ ಕಂಬದ ಹತ್ತಿರ ಹೋದ. ಕಾಲೆತ್ತಿದ. ಕಂಬದ ತುಂಬ ಅರಿಸಿನ, ಕುಂಕುಮ, ಬುಡದಲ್ಲಿ ಹೂವು. ಕಾಲೆತ್ತಿದವನು ಹಾಗೇ ನಿಂತು ರಾಜೀವಿಯ ಮುಖ ನೋಡಿದ.

"ಇವತ್ತು ಕಾಲು ಹಾಕ್ಬೇಡ ಮಾರಾಯ, ಈಗಷ್ಟೇ ಪೂಜೆ ಆದದ್ದು" ಎಂದಳು ರಾಜೀವಿ. "ಕೈಯಲ್ಲಿ ನೋಡು, ಸಾಕು."

ಅವನು ಕೈಯಲ್ಲಿ ನೋಡಿದ. ಸರಪಳಿ ಗಟ್ಟಿಯಾಗಿಯೇ ಇತ್ತು. ಅವಳು ಉಯ್ಯಾಲೆಗೆ ಕೈ ಮುಗಿದು ಬಾಂದ್ರಾದ ಪೂಜೆಗೆ ಹೊರಟಳು.

ಸಂಜೆ, ಮಕ್ಕಳು ತುಂಬಿದ್ದಾಗ, ಬಾಳೆ ಕಂದು ಕಟ್ಟಿದ್ದ ಕಂಬವೇ ಬುಡದಲ್ಲಿ ಮುರಿದು ಉಯ್ಯಾಲೆ ಪಕ್ಕಕ್ಕೆ ವಾಲಿತು. ಅದರಲ್ಲಿದ್ದ ಶ್ರೇಯಾ ಎಂಬ ಹುಡುಗಿ ದೂರ ಬಿದ್ದಳು. ಅವಳ ತಾಯಿ ಚಂಪಾ ಕಲಬುರ್ಗಿ ಕಡೆಯವಳು, ನಮ್ಮ ಸುತ್ತಲಿನ ಬಿಲ್ಡಿಂಗುಗಳಲ್ಲಿ ಮನೆಗೆಲಸ ಮಾಡುತ್ತಾಳೆ. ಹುಡುಗಿಯ ಬಲಗೈ ಮೊಣಕೈಯ ಹತ್ತಿರ ಎರಡು ಕಡೆ ಮುರಿದಿತ್ತು. ದೇವಾನಂದ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಆಪರೇಷನ್ ಮಾಡಿದರು. ಡಾಕ್ಟರು ಕೈ ಪೂರ್ತಿ ನೆಟ್ಟಗಾಗುವ ಭರವಸೆ ಕೊಡಲಿಲ್ಲ.

ಮಾರನೆಯ ದಿನವೇ ಸುಕೇಶ ಕಮಿಟಿ ಕರೆದ. ತಪಾಸಣೆ ಪೂರ್ತಿ ಆಗಿಲ್ಲ ಎಂಬುದನ್ನು ಮುಚ್ಚಿಡುವ ಹಾಗಿರಲಿಲ್ಲ, ಕಂಬದ ಬುಡ ಹಪ್ಪಳದ ಹಾಗೆ ಆಗಿತ್ತು. ಯಾಕೆ ಒದೆಯಲಿಲ್ಲ ಎಂದು ಕೇಳಿದರೆ ದೇವಾನಂದ ಮರೆತೆ ಎಂದ. ರಾಜೀವಿಯ ಹೆಸರೆತ್ತಲಿಲ್ಲ. ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿತ್ತು. ಮೂವರೂ ಉಸಿರೆತ್ತಲಿಲ್ಲ. ಪೂಜೆಗೆ ರಾಜೀವಿ ಬಂದುಹೋದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಸುಕೇಶ, ಅವರು ಅತಿಥಿಯಾಗಿ ಬಂದದ್ದು, ಹೊಣೆ ದೇವಾನಂದನದು ಎಂದು ದಾರಿ ಮಾಡಿದ. ಅವನ ಸರ್ಟಿಫಿಕೇಟು ವಾಪಸು ತೆಗೆದುಕೊಳ್ಳುವುದೆಂದು ಕರಡು ತಯಾರಾಯಿತು. ದೊಡ್ಡ ಸಂಸ್ಥೆಯವರು ಬಂದಾಗ, ನೋಡಿ ನಾವು ಎಷ್ಟು ಕಟ್ಟುನಿಟ್ಟು ಎಂದು ತೋರಿಸಲೂ ಆಯಿತಲ್ಲ.

ಮೀಟಿಂಗು ಮುಗಿದ ಮೇಲೆ ಸುಕೇಶ ನಮ್ಮಿಬ್ಬರನ್ನೂ ಕಾರಿನಲ್ಲಿ ಮನೆಗೆ ಬಿಟ್ಟ. ದಾರಿಯಲ್ಲಿ ಮೆಲ್ಲಗೆ ರಾಜೀವಿಗೆ, "ಟೆನ್ಶನ್ ಮತ್ ಲೋ ಆಂಟಿ" ಎಂದ. "ದೇವಾನಂದ ರೆಡಿ ಇದ್ದಾನೆ. ಅವನದು ಹೋದ್ರೆ ಸ್ವಲ್ಪ ದಿನದಲ್ಲಿ ವಾಪಸ್ ಬರ್ತದೆ. ನಿಮ್ಮದು ಹೋದ್ರೆ ಪೂರಾ ಕೋರ್ಸೇ ಹೋಗ್ತದೆ." ಹುಡುಗ ಬುದ್ಧಿವಂತ, ಯಾರೂ ಹೇಳದಿದ್ದರೂ ಊಹಿಸಿಕೊಂಡಿದ್ದ. ಸರ್ಟಿಫಿಕೇಟು ಇಲ್ಲದವಳನ್ನು ಆ ಸಂಸ್ಥೆಯವರು ಮುಖ್ಯಸ್ಥೆ ಮಾಡುವುದುಂಟೆ? ರಾಜೀವಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ಆ ಸಂಜೆ ನಾನೂ ಅವಳಿಗೆ ಹೇಳಿದ್ದು ಅದನ್ನೇ. ಬರುವ ಮೀಟಿಂಗಿನಲ್ಲಿ ಕರಡಿಗೆ ಸಹಿ ಬೀಳಲಿ, ನೀನು ಸುಮ್ಮನಿರು ಎಂದೆ. ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಂದು ಊರಲ್ಲ, ಹತ್ತು ಊರಿನ ಮಕ್ಕಳಿಗೆ ಒಳ್ಳೆಯದಾಗುತ್ತಿತ್ತು.

"ನನಗೂ ಹಾಗೇ ಅನಿಸ್ತದೆ ಸುಮಿತ್ರಕ್ಕ" ಎಂದಳು. "ಇಷ್ಟು ವರ್ಷದಲ್ಲಿ ಒಂದು ಸಲ ನನ್ನ ಪರವಾಗಿ ಆಗ್ಲಿ ಅಂತ. ಸುಸ್ತಾಗಿದೆ ನನಗೆ."

ಅವಳು ಅಷ್ಟು ದಣಿದದ್ದನ್ನು ನಾನು ಕಂಡಿರಲಿಲ್ಲ. ಸುಮ್ಮನಿರುತ್ತಾಳೆ ಎಂದೇ ನಂಬಿದೆ, ದೇವರಾಣೆ.

ಹುಡುಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನಾವಿಬ್ಬರೂ ನೋಡಲು ಹೋದೆವು. ಚಂಪಾಳದು ಚಾಳಿನ ಕೊನೆಯ ಖೋಲಿ, ಒಂದೇ ಕೋಣೆ. ಶ್ರೇಯಾ ಪ್ಲಾಸ್ಟರು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಎಡಗೈಯಲ್ಲಿ ಬಿಸ್ಕತ್ತು ಹಿಡಿದುಕೊಂಡಿದ್ದಳು, ತಿನ್ನುತ್ತಿರಲಿಲ್ಲ. ಚಂಪಾ ನಮ್ಮನ್ನು ಕಂಡು ಗಾಬರಿಯಾಗಿ, ಇದ್ದ ಒಂದು ಕುರ್ಚಿ ಒರೆಸಿ ಕೊಟ್ಟಳು, ಚಹಾಕ್ಕಿಟ್ಟಳು. ರಾಜೀವಿ ಹುಡುಗಿಯ ಪಕ್ಕ ನೆಲದ ಮೇಲೆಯೇ ಕೂತಳು. ಹಣ್ಣಿನ ಚೀಲ ಅವಳ ಮಡಿಲಲ್ಲೇ ಇತ್ತು, ಕೊಡಬೇಕೆಂಬುದೇ ಮರೆತಿತ್ತು.

ಅವಳ ಮುಖ ನೋಡಲಾರದೆ ಚಂಪಾಳೇ ಸಮಾಧಾನ ಹೇಳಲು ಶುರುಮಾಡಿದಳು. ನೋಡಿ, ಪೆಟ್ಟು ತಿಂದವರ ಮನೆಯವರು ನಮಗೆ ಸಮಾಧಾನ ಹೇಳಬೇಕು! "ನೀವ್ಯಾಕ ಮನಸಿಗೆ ಹಚ್ಕೋತೀರಿ ಅಕ್ಕಾರ" ಎಂದಳು. "ಹಬ್ಬದ ದಿನ ದೇವರ ಕೆಲಸ ಮಾಡೀರಿ. ನಮ್ಮ ಗ್ರಹಚಾರ, ಯಾರೇನ ಮಾಡಾಕ ಬರ್ತದ."

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಏಳೋಣ ಎಂದು ರಾಜೀವಿಯ ಭುಜ ಮುಟ್ಟಿದೆ.

ಅವಳು ಏಳಲಿಲ್ಲ. ಗ್ರಹಚಾರ ಅಲ್ಲ ಎಂದಳು. ಬೆಳಿಗ್ಗೆ ಏನಾಯಿತೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಭಟ್ಟರು ಬೇಗ ಬಂದದ್ದು, ದೇವಾನಂದ ಕಾಲೆತ್ತಿದ್ದು, ತಾನು ತಡೆದದ್ದು, ಒಂದು ಒದೆ ಬಿದ್ದಿದ್ದರೆ ಕಂಬ ಆಗಲೇ ಮುರಿಯುತ್ತಿದ್ದದ್ದು. ಏನನ್ನೂ ಮುಚ್ಚಲಿಲ್ಲ.

ಚಂಪಾ ಒಲೆಯ ಮುಂದೆ ಹಾಗೇ ನಿಂತಿದ್ದಳು. ಚಹಾ ಉಕ್ಕಿತು, ಅವಳು ನೋಡಲಿಲ್ಲ.

"ದೇವರಿಗೆ ಕಾಲ ತಾಗಬಾರದಂತ ನನ್ನ ಮಗಳ ಕೈ ಮುರಸಿದ್ರೇನ್ರಿ?"

ಕೂಗಲಿಲ್ಲ, ಮೆಲ್ಲಗೇ ಕೇಳಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ಬಲಗೈ ಅದು, ನಾಳೆ ಹೇಗೆ ಬರೀಬೇಕು, ಹೇಗೆ ದುಡೀಬೇಕು, ನಿಮ್ಮ ಮನೆಯ ಮಗುವಾಗಿದ್ದರೆ ಹೀಗೆ ಮಾಡುತ್ತಿದ್ದಿರಾ ಎಂದು ಬಾಯಿಗೆ ಬಂದ ಹಾಗೆ ಬೈದಳು. ನಮಗೆ ಗ್ರಹಚಾರ ಎಂದು ಸಮಾಧಾನ ಹೇಳಿದ್ದ ಬಾಯಿ ಅದೇ. ನನಗೆ ಸಿಟ್ಟು ಬಂತು, ಎದ್ದು ಹೋಗೋಣ ಎನಿಸಿತು. ರಾಜೀವಿ ಮಾತ್ರ ತಲೆ ತಗ್ಗಿಸದೆ, ಅವಳ ಮುಖವನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ಚಾಳಿನ ನಲ್ಲಿಯ ಹತ್ತಿರ ನಿಂತು ಅತ್ತಳು. ಗಟ್ಟಿಯಾಗಿ ಅತ್ತಳು, ನೀರು ಹಿಡಿಯುತ್ತಿದ್ದ ಹೆಂಗಸರು ಸರಿದು ದಾರಿ ಬಿಟ್ಟರು.

"ನಿನಗೇನು ತಲೆ ಕೆಟ್ಟಿದ್ಯಾ?" ಎಂದೆ ನಾನು. "ಕ್ಷಮಿಸಿಬಿಟ್ಟಿದ್ದಳಲ್ಲ!"

"ಗೊತ್ತಿಲ್ಲದೆ ಕ್ಷಮಿಸಿದ್ದು ಅದು" ಎಂದಳು. "ಹಾಗೇ ಎಲ್ಲರೂ ಕ್ಷಮಿಸ್ತಾ ಕೂತದ್ದಕ್ಕೇ ಅಲ್ವಾ ನಾನು ಈ ಕೆಲಸ ಶುರು ಮಾಡಿದ್ದು."

ಮುಂದಿನ ಮೀಟಿಂಗಿನಲ್ಲಿ ಅವಳು ಕರಡನ್ನು ಓದಲು ಬಿಡಲಿಲ್ಲ. ತಾನು ಆ ಬೆಳಿಗ್ಗೆ ಮೈದಾನದಲ್ಲಿದ್ದೆ, ಎಲ್ಲರಿಗಿಂತ ಹಿರಿಯಳು ತಾನೇ, ಒದೆಯಬೇಡ ಎಂದದ್ದೂ ತಾನೇ ಎಂದಳು. ಗೋಡೆಗೆ ಆತುಕೊಂಡು ನಿಂತಿದ್ದ ದೇವಾನಂದ ಮುಂದೆ ಬಂದು, ಇಲ್ಲ ಇಲ್ಲ, ನಾನು ಮರೆತದ್ದು ಎಂದು ಹಟ ಹಿಡಿದ. ಅವಳು ತುಳುವಿನಲ್ಲಿ ಅವನನ್ನು ಗದರಿಸಿದಳು. ನನಗೆ ಅರ್ಥವಾದ ಮಟ್ಟಿಗೆ ಹೇಳುವುದಾದರೆ, ಸುಳ್ಳು ಹೇಳುವುದನ್ನು ನಾನು ನಿನಗೆ ಕಲಿಸಿದೆನಾ ಎಂದು. ಆ ಐವತ್ತು ದಾಟಿದ ಗಂಡಸು ಅಲ್ಲೇ ಕಣ್ಣೊರೆಸಿಕೊಂಡ.

ಕಮಿಟಿಯವರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಒಬ್ಬರು ಪಾಪಭೀರು ಎಂದರು, ಇನ್ನೊಬ್ಬರು ವಯಸ್ಸಾಯಿತು ಎಂದರು. ಸುಕೇಶ ಬುದ್ಧಿ ಓಡಿಸಿ ಹೊಸದೊಂದು ಠರಾವು ಮುಂದಿಟ್ಟ: ಟ್ರಸ್ಟಿಗೆ ಇವರು ಮಾಡಿದ ಸೇವೆಯನ್ನು ಗಮನಿಸಿ ಈ ಒಂದು ಸಲ, ಗೌರವಪೂರ್ವಕವಾಗಿ, ವಿನಾಯಿತಿ ಕೊಡುವುದು. ಎಲ್ಲರೂ ಕೈ ಎತ್ತಿದರು. ಪ್ರೀತಿಯಿಂದಲೇ ಎತ್ತಿದರು, ಅದರಲ್ಲಿ ಕಪಟವಿರಲಿಲ್ಲ. ನಾನೂ ಎತ್ತಿದೆ.

ರಾಜೀವಿ ನಮ್ಮೆಲ್ಲರ ಕೈಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಸಿಟ್ಟು ಬಂದೀತೆಂದು ಕಾದೆ. ಬರಲಿಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು.

"ನನಗೋಸ್ಕರ ಇದನ್ನು ಮುರಿದ್ರೆ ನಾಳೆ ಯಾರು ಪಾಲಿಸ್ತಾರೆ ಸುಕೇಶ?" ಎಂದಳು. "ನಿಮ್ಮ ಗೌರವ ನನಗೆ ಬೇಡ. ನಿಯಮ ಇದ್ದ ಹಾಗೇ ಇರ್ಲಿ."

ಅವಳು ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಹೋದಳು. ಯಾರಿಗೂ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ. ಕೊನೆಗೆ ನಾನೇ ಎತ್ತಿಕೊಂಡು ಕಪಾಟಿನಲ್ಲಿಟ್ಟು, ಅವಳು ಒಪ್ಪದ್ದರಿಂದ ಠರಾವು ಬಿದ್ದುಹೋಯಿತೆಂದು ನಡಾವಳಿಯಲ್ಲಿ ಬರೆದೆ. ಬರೆಯುವಾಗ ಅವಳಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ದೀಪಾವಳಿ ಕಳೆಯಿತು. ದೊಡ್ಡ ಸಂಸ್ಥೆಯವರಿಗೆ ವಿಷಯ ತಿಳಿಸಿದೆವು. ಅವರು ವಿಷಾದ ವ್ಯಕ್ತಪಡಿಸಿದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೇರೆ ಊರುಗಳಿಗೆ ಹೋಗಬೇಕಾಗಿದ್ದ ಕಲಿಕೆ ನಮ್ಮ ಈ ತುಂಡು ಮೈದಾನಗಳಲ್ಲೇ ಉಳಿಯಿತು. ಶ್ರೇಯಾಳ ಪ್ಲಾಸ್ಟರು ತೆಗೆದರು. ಕೈ ಪೂರ್ತಿ ಚಾಚಲು ಬರುವುದಿಲ್ಲ. ಚಂಪಾ ನನ್ನನ್ನು ಕಂಡರೆ ಇವತ್ತಿಗೂ ಮಾತಾಡಿಸುವುದಿಲ್ಲ.

ರಾಜೀವಿ ಕೆಲವು ವಾರ ಮನೆಯಿಂದ ಹೊರಗೆ ಬರಲಿಲ್ಲ. ಇನ್ನು ಹಾಯಾಗಿ ಟಿವಿ ನೋಡಿಕೊಂಡಿರುತ್ತಾಳೆ, ಮಂಡಿಗಾದರೂ ವಿರಾಮ ಸಿಕ್ಕಿತು ಎಂದುಕೊಂಡೆ. ಜನವರಿಯಲ್ಲಿ ಹೊಸಬರ ತರಗತಿ ಶುರುವಾಗುವ ದಿನ ಕಾರ್ಯದರ್ಶಿಯೆಂದು ನಾನು ದೀಪ ಹಚ್ಚಲು ಹೋದೆ. ಚೆಂಬೂರಿನ ಮೈದಾನದ ಮೂಲೆಯ ಶೆಡ್ಡಿನಲ್ಲಿ ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು ಕೂತಿದ್ದರು. ಕೊನೆಯ ಸಾಲಿನಲ್ಲಿ, ಹತ್ತಿಯ ಸೀರೆಯುಟ್ಟು, ಮಂಡಿ ಮಡಚಲಾಗದೆ ಒಂದು ಕಾಲು ಚಾಚಿಕೊಂಡು ರಾಜೀವಿ ಕೂತಿದ್ದಳು. ದೀಪ ಹಚ್ಚಿ ನಾನು ಒಂದು ಪಕ್ಕಕ್ಕೆ ಸರಿದು ನಿಂತೆ.

ಪಾಠ ಮಾಡಲು ಬಂದ ದೇವಾನಂದ ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಆಮೇಲೆ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಹೊಸಬರನ್ನು ಮಾತಾಡಿಸತೊಡಗಿದ. ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಬೇರೆ ಕೆಲಸ ಸಿಗಲಿಲ್ಲ ಎಂದ ಒಬ್ಬ. ಮನೆಗೆ ಹತ್ತಿರ ಎಂದಳು ಇನ್ನೊಬ್ಬಳು. ಮಾವ ಹೇಳಿದರು ಎಂದ ಮತ್ತೊಬ್ಬ, ಎಲ್ಲರೂ ನಕ್ಕರು. ಕೊನೆಯ ಸಾಲಿಗೆ ಬಂದಾಗ ಅವನು ರಾಜೀವಿಯನ್ನು ಬಿಟ್ಟು ಪಕ್ಕದವನ ಕಡೆ ತಿರುಗಿದ.

"ನನ್ನನ್ನೂ ಕೇಳು" ಎಂದಳು ರಾಜೀವಿ.

"ಯಾಕೆ ಬಂದಿರಿ ಅಕ್ಕ?" ಎಂದು ಕೇಳುವಷ್ಟರಲ್ಲಿ ಅವನಿಗೆ ಸಾಕುಬೇಕಾಯಿತು.

ಅವಳು ಪಕ್ಕದ ಹುಡುಗಿಯ ಭುಜ ಹಿಡಿದುಕೊಂಡು ಕಷ್ಟಪಟ್ಟು ಎದ್ದು ನಿಂತಳು.

"ನನ್ನಿಂದ ಒಂದು ಮಗುವಿನ ಕೈ ಮುರಿಯಿತು" ಎಂದಳು. "ಅದಕ್ಕೆ ಬಂದೆ."

ಹೊಸಬರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ನಗುತ್ತಿದ್ದವರು ನಗು ನಿಲ್ಲಿಸಿದರು. ದೇವಾನಂದ ಎಲ್ಲರಿಗೂ ಹೇಳಿದ ಹಾಗೆಯೇ ಅವಳಿಗೂ ಕೂತ್ಕೊಳ್ಳಿ ಎಂದು ಹೇಳಿ, ಪಕ್ಕದ ಹುಡುಗನನ್ನು ಅದೇ ಪ್ರಶ್ನೆ ಕೇಳಿದ.